ಪುಟ ನಲವತ್ತೇಳರ ಕೊಳ್ಳಿದೆವ್ವ

ಡಲ್ಲಾಸ್‌ನ ಒಂದು ಹೋಟೆಲಿನ ಸಭಾಂಗಣದಲ್ಲಿ, ಮಾರ್ಚ್ ತಿಂಗಳ ಒಂದು ಶನಿವಾರ ಮಧ್ಯಾಹ್ನ, ಸಂಹಿತಾಳ ಟೇಬಲ್ಲಿಗೆ ಐದು ಜನ ಆಟಗಾರರು ಬಂದು ಕೂತರು. ನಾಲ್ವರು ದೆವ್ವ ಕೊಲ್ಲಲು ಬಂದಿದ್ದರು. ಐದನೆಯವನು ಅದರ ಜೊತೆ ಮಾತಾಡಲು ಬಂದಿದ್ದನೆಂದು ಆಮೇಲೆ ಗೊತ್ತಾಯಿತು.

ಆ ಆಟವೇ ಅಂಥದ್ದು. ಒಬ್ಬರು ಕಥೆ ಹೇಳುತ್ತ ಹೋಗುತ್ತಾರೆ. ಉಳಿದವರು ಕಥೆಯೊಳಗಿನ ಪಾತ್ರಗಳಾಗಿ, ತಾವೇನು ಮಾಡುತ್ತೇವೆಂದು ಹೇಳಿ ದಾಳ ಉರುಳಿಸುತ್ತಾರೆ. ಸಂಹಿತಾ ಮೈಸೂರಿನವಳು, ಆಸ್ಟಿನ್‌ನ ದ ಡೊಮೇನ್ ಬಡಾವಣೆಯಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ. ಬಿಡುವಿನಲ್ಲಿ ಸಣ್ಣ ಪ್ರಕಾಶನವೊಂದಕ್ಕೆ ಪುಸ್ತಕ ಬರೆಯುತ್ತಿದ್ದಳು. ಕನ್ನಡ ನಾಡಿನ ದೆವ್ವ, ಯಕ್ಷಿ, ಬ್ರಹ್ಮರಾಕ್ಷಸರನ್ನೆಲ್ಲ ಇಂಥ ಆಟಗಳಿಗೆ ಒಗ್ಗಿಸುವ ಪುಸ್ತಕ. ಯಾವುದಕ್ಕೆ ಎಷ್ಟು ಬಲ, ಯಾವುದು ಏನಕ್ಕೆ ಹೆದರುತ್ತದೆ, ಹೇಗೆ ಸಾಯುತ್ತದೆ, ಎಲ್ಲ ಅದರಲ್ಲಿರಬೇಕು. ಅಂದು ಅವಳು ಪರೀಕ್ಷೆಗೆ ತಂದದ್ದು ಪುಟ ನಲವತ್ತೇಳು.

ಅವಳು ಇಂಗ್ಲಿಷಿನಲ್ಲಿ ಕತ್ತಲ ಹೊಲವನ್ನು ವರ್ಣಿಸಿದಳು, ದೂರದಲ್ಲಿ ತಾನಾಗಿಯೇ ಚಲಿಸುವ ಬೆಂಕಿಯನ್ನು ವರ್ಣಿಸಿದಳು. ಕೊನೆಗೆ ಹೆಸರು ಹೇಳಿದಳು: ಕೊಳ್ಳಿದೆವ್ವ.

ಐದನೆಯವನು ಥಟ್ಟನೆ ತಲೆಯೆತ್ತಿ ನೋಡಿದ. ನೋಟ ಅವಳ ಮುಖದ ಮೇಲೆ ಬೇಕಾದದ್ದಕ್ಕಿಂತ ಒಂದು ಗಳಿಗೆ ಹೆಚ್ಚು ನಿಂತಿತು.

“ನಾನು ಅದರ ಹತ್ತಿರ ಹೋಗಿ, ಯಾರನ್ನು ಹುಡುಕುತ್ತಿದ್ದೀ ಅಂತ ಕೇಳ್ತೀನಿ,” ಎಂದ ಇಂಗ್ಲಿಷಿನಲ್ಲಿ.

“ಅದು ಮಾತಾಡಲ್ಲ.”

ಅವನು ಕನ್ನಡಕ್ಕೆ ಹೊರಳಿದ. “ಮಾತಾಡತೈತ್ರಿ. ನೀವು ಕೇಳಿಲ್ಲ ಅಷ್ಟ.”

ಅವನ ಜೊತೆ ಬಂದಿದ್ದ ಸಹೋದ್ಯೋಗಿ ರಿಷಭ್ ಕಾಯಲಿಲ್ಲ, ದಾಳ ಉರುಳಿಸಿದ. ಇಪ್ಪತ್ತು ಮುಖದ ದಾಳದಲ್ಲಿ ಇಪ್ಪತ್ತೇ ಬಿತ್ತು. ಕೊಳ್ಳಿದೆವ್ವ ಸತ್ತಿತು, ಮೂವರು ಚಪ್ಪಾಳೆ ತಟ್ಟಿದರು. ಆಟ ಮುಗಿದ ಮೇಲೆ ಅಭಿಪ್ರಾಯದ ಹಾಳೆಗಳಲ್ಲಿ ಒಂದು ಮಾತ್ರ ಕನ್ನಡ ಲಿಪಿಯಲ್ಲಿತ್ತು: ‘ಕಥಿ ಚೊಲೊ ಐತಿ. ದೆವ್ವ ತಪ್ಪೈತಿ.’

ಸಂಹಿತಾ ಆ ಹಾಳೆ ಹಿಡಿದುಕೊಂಡೇ ಕಾಫಿ ಕೌಂಟರಿನವರೆಗೂ ಹೋದಳು.

“ಏನು ತಪ್ಪು?”

“ಅದು ಯಾರನ್ನೂ ಕೊಲ್ಲಂಗಿಲ್ರಿ. ನಮ್ಮ ಆಯಿ ಹೇಳತಿದ್ಲು, ಅದು ಹುಡುಕತಿರತೈತಿ ಅಂತ.”

“ನಿಮ್ಮ ಅಜ್ಜಿ ಹೇಳಿದ್ದು ಒಂದು ವರ್ಷನ್. ನಾನು ಹನ್ನೊಂದು ಓದಿದೀನಿ.”

“ಓದೀರಿ,” ಎಂದು ಅವನು ಒಪ್ಪಿಕೊಂಡ. ನಗು ಬರುವ ಮೊದಲು ಅವನ ಎಡ ಹುಬ್ಬು ಮೇಲೇಳುತ್ತಿತ್ತು. ಬಾಯಿ ಸ್ವಲ್ಪ ತಡವಾಗಿ ಅದನ್ನು ಕೂಡಿಕೊಳ್ಳುತ್ತಿತ್ತು. ನೋಡಬಾರದೆಂದುಕೊಂಡೇ ಅವಳು ಅದನ್ನು ಪೂರ್ತಿ ನೋಡಿದಳು.

ಅವನ ಹೆಸರು ಶ್ರೀಶೈಲ್. ಮನೆಯವರು ಬಾಗಲಕೋಟೆ ಕಡೆಯವರು, ಈಗ ಹೂಸ್ಟನ್ ಪಕ್ಕದ ಮಿಸೌರಿ ಸಿಟಿಯಲ್ಲಿ. “ಮಳಿನೀರಿನ ಚರಂಡಿ ಡಿಸೈನ್ ಮಾಡ್ತೀನ್ರಿ,” ಎಂದ. “ಹೂಸ್ಟನ್ನಿನಾಗ ದೆವ್ವಕ್ಕಿಂತ ಮಳಿನೀರಿಗೆ ಮಂದಿ ಹೆದರತಾರ. ಆಯಿ ನಮ್ಮ ಜೋಡಿನ ಇದ್ದಾಳ. ಬಂದು ಕೇಳ್ರಿ, ಹನ್ನೆರಡನೇ ವರ್ಷನ್.”

ಏಪ್ರಿಲ್‌ನ ಮೊದಲ ಶನಿವಾರ ಅವಳು ಮೂರು ಗಂಟೆ ಡ್ರೈವ್ ಮಾಡಿಕೊಂಡು ಹೋದಳು. ಅಜ್ಜಿ ಈರವ್ವನಿಗೆ ಎಂಬತ್ತೆರಡು. ಬಿಸಿ ರೊಟ್ಟಿ ಬಡಿಸಿದಳು, ಸಂಹಿತಾಳ ಸಂಬಳ ಬಿಟ್ಟು ಉಳಿದದ್ದನ್ನೆಲ್ಲ ಕೇಳಿ ತಿಳಿದುಕೊಂಡಳು. ದೆವ್ವದ ಮಾತು ಬಂದಾಗ ಮಾತ್ರ, “ಅದೇನ ಇರತೈತಿ ಬಿಡ,” ಎಂದು ಟಿವಿ ಕಡೆ ತಿರುಗಿದಳು.

ಮುಂದಿನ ಶನಿವಾರವೂ ಹಾಗೆಯೇ ಆಯಿತು.

ಕಥೆ ಸಿಗದ ಆ ಸಂಜೆಗಳಲ್ಲಿ ಇಬ್ಬರೂ ಬಡಾವಣೆಯ ಕೆರೆಯ ಸುತ್ತ ನಡೆದರು. ಕೆರೆಯೆಂದರೆ ಪ್ರವಾಹದ ನೀರು ಹಿಡಿಯಲು ತೋಡಿದ್ದು. ಯಾವ ಪೈಪು ಎಲ್ಲಿಂದ ಬಂದು ಸೇರುತ್ತದೆಂದು ಅವನು ಕೈ ತೋರಿಸಿ ಹೇಳುತ್ತಿದ್ದ. ಅವಳು ಕೈಯನ್ನೇ ನೋಡುತ್ತಿದ್ದಳು. ಕಾಲುದಾರಿ ಕಿರಿದಾಗಿತ್ತು. ಎದುರಿಗೆ ಸೈಕಲ್ ಬಂದಾಗಲೆಲ್ಲ ಅವನು ಅವಳ ಹಿಂದೆ ಸರಿಯುತ್ತಿದ್ದ; ಸೈಕಲ್ ಹೋದ ಮೇಲೆ ಪಕ್ಕಕ್ಕೆ ಬರಲು ಸ್ವಲ್ಪ ಹೊತ್ತು ಹಿಡಿಯುತ್ತಿತ್ತು. ಆ ಸ್ವಲ್ಪ ಹೊತ್ತು ಅವಳಿಗೆ ಉದ್ದವೆನಿಸಿತು. ಇದನ್ನು ಅವಳು ಒಂದು ಸಂಗತಿಯಾಗಿ ಗುರುತಿಸಿಕೊಂಡಳು, ಅದಕ್ಕೆ ಹೆಸರು ಕೊಡಲಿಲ್ಲ.

ಮೂರನೆಯ ಶನಿವಾರ, ಯಾರೂ ಕೇಳದೆಯೇ, ಕೊತ್ತಂಬರಿ ಸೋಸುತ್ತ ಈರವ್ವ ಹೇಳಿದಳು.

“ಅದು ದೆವ್ವ ಅಲ್ಲವ್ವಾ. ನಮ್ಮ ಅಕ್ಕ.”

ಶ್ರೀಶೈಲ್ ಕೈಯಲ್ಲಿದ್ದ ಲೋಟ ಕೆಳಗಿಟ್ಟ.

ಅಕ್ಕನ ಗಂಡ ದನ ಹುಡುಕಿಕೊಂಡು ಹೋದವನು ತಿರುಗಿ ಬರಲಿಲ್ಲ. ಅಕ್ಕ ಕೊಳ್ಳಿ ಹಿಡಿದು ಹೊಲದಲ್ಲೆಲ್ಲ ತಿರುಗಿದಳು. ನಾಲ್ಕು ದಿನ ಜನ ಜೊತೆಗಿದ್ದರು. ಆಮೇಲೆ ಅವಳಿಗೆ ಗಾಳಿ ಮೆಟ್ಟಿದೆ ಎಂದರು. ಕತ್ತಲಾದ ಮೇಲೆ ಬೆಂಕಿ ಕಂಡರೆ ಎಲ್ಲರೂ ಬಾಗಿಲು ಹಾಕಿಕೊಳ್ಳತೊಡಗಿದರು.

“ಒಂದಿನ ನಮ್ಮ ಮನಿ ಬಾಗಲಾ ಬಡದ್ಲು. ನಾ ಹತ್ತು ವರ್ಷದಾಕಿ, ಒಬ್ಬಾಕಿನ ಇದ್ದೆ. ‘ಈರಿ, ಎಣ್ಣಿ ತೀರೇತಿ, ಒಂದೀಟ ಹಾಕವಾ’ ಅಂದ್ಲು. ದನಿ ಆಕಿದ ಅಂತ ಗೊತ್ತಿತ್ತು ನನಗ.” ಅಜ್ಜಿ ಒಂದು ಎಸಳು ಆರಿಸಿ ಪಕ್ಕಕ್ಕಿಟ್ಟಳು. “ನಾ ತೆಗೀಲಿಲ್ಲ.”

ಅಕ್ಕನನ್ನು ಆಮೇಲೆ ಯಾರೂ ನೋಡಲಿಲ್ಲ. ವರ್ಷ ತುಂಬುವುದರೊಳಗೆ ಊರಿನವರು ಮಕ್ಕಳನ್ನು ಅವಳ ಹೆಸರಿನಿಂದ ಹೆದರಿಸತೊಡಗಿದರು.

ಸಂಹಿತಾ ಹೊರಟಾಗ ಅವನು ಕಾರಿನವರೆಗೂ ಬಂದ. ಹುಬ್ಬು ಏಳಲಿಲ್ಲ.

“ಇದನ್ನ ಬರಿಬ್ಯಾಡ್ರಿ.”

“ಅದನ್ನ ಅಜ್ಜಿ ಹೇಳ್ಬೇಕಲ್ವಾ?”

“ಆಕಿ ನಮ್ಮ ಆಯಿ ರೀ. ನಿಮ್ಮ ಮಟೀರಿಯಲ್ ಅಲ್ಲ.”

ಅವಳು ಬಾಗಿಲು ಮೆಲ್ಲಗೆ ಹಾಕಿಕೊಂಡಳು. ಅರ್ಧದಾರಿಯ ಕೊಲಂಬಸ್ ಊರು ದಾಟುವವರೆಗೂ ರೇಡಿಯೋ ಹಚ್ಚಲಿಲ್ಲ. ಆ ಮಾತು ಅನ್ಯಾಯದ್ದೆಂದು ಅವಳಿಗೆ ಅನಿಸಿತು. ಪೂರ್ತಿ ಸುಳ್ಳಲ್ಲ ಎಂದೂ ಅನಿಸಿತು. ಅಜ್ಜಿ ಹೇಳುತ್ತಿದ್ದಾಗ ಅವಳ ಮನಸ್ಸಿನ ಒಂದು ಮೂಲೆ, ಪುಟ ಹೇಗೆ ಶುರು ಮಾಡಬೇಕೆಂದು ಯೋಚಿಸುತ್ತಲೇ ಇತ್ತು.

ಸೋಮವಾರ ಸಂಪಾದಕ ಇಶಾನ್‌ಗೆ, ನಲವತ್ತೇಳನೆಯ ಪುಟ ತೆಗೆದುಬಿಡಿ ಎಂದಳು.

“ಪುಸ್ತಕದಲ್ಲಿ ಇರೋದ್ರಲ್ಲೇ ಬೆಸ್ಟ್ ಪೇಜ್ ಅದು,” ಎಂದ ಇಶಾನ್. “ಪ್ರಿಂಟ್‌ಗೆ ಹೋಗೋಕೆ ಎರಡು ವಾರ ಇದೆ. ಯೋಚನೆ ಮಾಡು.”

ಯೋಚಿಸಲು ಏನೂ ಇರಲಿಲ್ಲ. ಶ್ರೀಶೈಲ್‌ಗೆ ಮೆಸೇಜ್ ಮಾಡಲು ಮೂರು ಸಲ ಫೋನ್ ಎತ್ತಿಕೊಂಡಳು, ಮೂರು ಸಲ ಇಟ್ಟಳು. ಅವನಿಂದಲೂ ಏನೂ ಬರಲಿಲ್ಲ. ಶನಿವಾರ ಮನೆ ಒರೆಸಿದಳು, ಬಟ್ಟೆ ಒಗೆದಳು, ಮಧ್ಯಾಹ್ನ ಹನ್ನೆರಡಕ್ಕೇ ಎಲ್ಲ ಕೆಲಸ ಮುಗಿಯಿತು.

ಭಾನುವಾರ ಬೆಳಿಗ್ಗೆ ಫೋನ್ ಬಂತು, ಈರವ್ವನದು.

“ನಿನ್ನೆ ಯಾಕ ಬರ್ಲಿಲ್ಲವಾ?”

“ಶ್ರೀಶೈಲ್‌ಗೆ ನಾನು ಅದನ್ನ ಬರಿಯೋದು ಇಷ್ಟ ಇಲ್ಲ ಅಜ್ಜಿ. ಅವ್ರು ಹೇಳಿದ್ದು ಸರಿನೇ.”

“ಅವನ ಕೇಳಿ ಹೇಳಿದ್ನೇನ ನಾ?” ಆ ಕಡೆ ಟಿವಿಯ ದನಿ ತಗ್ಗಿತು. “ನಿಮ್ಮ ಆಟದಾಗ ಮಂದಿ ತಮಗ ಬೇಕಾದಂಗ ಮಾಡಬಹುದಂತಲ್ಲ?”

“ಹೌದು.”

“ಹಂಗಾದ್ರ ಬರಿ. ಬಾಗಲಾ ತೆಗೀಲಿಕ್ಕೆ ಬರೂವಂಗ ಬರಿ. ಯಾರರ ಒಬ್ಬರು ತೆಗೀತಾರ.”

ಅಂದು ಹಗಲೆಲ್ಲ ಕೂತು ಅವಳು ಬರೆದಳು. ಬಲ, ಜೀವ, ಸಾಯುವ ಬಗೆ ಎಲ್ಲ ಹೊಡೆದುಹಾಕಿದಳು. ಹೊಸ ಪುಟದಲ್ಲಿ ಕೊಳ್ಳಿದೆವ್ವವನ್ನು ಕೊಲ್ಲುವುದು ಸಾಧ್ಯವಿಲ್ಲ. ಅದು ಬಾಗಿಲು ಬಡಿಯುತ್ತದೆ, ಒಳಗಿರುವವರ ಹೆಸರು ಹಿಡಿದು ಕರೆದು ಎಣ್ಣೆ ಕೇಳುತ್ತದೆ. ತೆಗೆಯದಿದ್ದರೆ ಮುಂದಿನ ಮನೆಗೆ ಹೋಗುತ್ತದೆ. ತೆಗೆದು, ಎಣ್ಣೆ ಹಾಕಿ, ಬೆಳಗಾಗುವವರೆಗೂ ಜೊತೆಗೆ ನಡೆದು ಹುಡುಕಿದರೆ ಬೆಂಕಿ ಆರುತ್ತದೆ. ಅಲ್ಲಿ ಒಬ್ಬ ಹೆಂಗಸು ನಿಂತಿರುತ್ತಾಳೆ.

ಅದನ್ನೇ ಕನ್ನಡದಲ್ಲಿ ಇನ್ನೊಮ್ಮೆ ಬರೆದು, ಈರವ್ವನ ಹೆಸರಿಗೆ ಅಂಚೆಯಲ್ಲಿ ಕಳಿಸಿದಳು.

ಗುರುವಾರ ಮಧ್ಯಾಹ್ನ ಆಫೀಸಿನ ಕೆಳಗೆ, ಓಕ್ ಮರದಡಿಯ ಬೆಂಚಿನ ಮೇಲೆ, ಶ್ರೀಶೈಲ್ ಕೂತಿದ್ದ. ಮೆಸೇಜ್ ಮಾಡಿದ್ದು ಐದು ನಿಮಿಷದ ಹಿಂದೆ: ‘ಕೆಳಗದೀನಿ.’

ಅವಳು ಬೆಂಚಿನ ಇನ್ನೊಂದು ತುದಿಯಲ್ಲಿ ಕೂತಳು.

“ಆಯಿಗೆ ಕಣ್ಣು ಸರಿಯಿಲ್ಲಲ್ರಿ,” ಎಂದ ಅವನು. “ನನ್ನ ಕಡೆನ ಓದಿಸಿದ್ಲು. ಎರಡು ಸಲ. ಎರಡನೇ ಸಲ ನನಗ ಪೂರಾ ಓದಾಕ ಆಗಲಿಲ್ಲ.”

“ಅಜ್ಜಿ ಏನಂದ್ರು?”

“ಹಾಳಿ ಮಡಚಿ ದಿಂಬಿನ ಕೆಳಗ ಇಟಗೊಂಡ್ಲು.” ಅವನು ಅಂಗೈಗಳನ್ನು ನೋಡಿಕೊಂಡ. “ನಾ ಅಂದದ್ದು ತಪ್ಪಾತು. ಮೂವತ್ನಾಕು ವರ್ಷದಿಂದ ಆಕಿ ಮೊಮ್ಮಗ ನಾ. ನನಗ ಹೇಳಲಾರದ್ದು ಮೂರು ವಾರದ ಪರಿಚಯದಾಗ ನಿಮಗ ಹೇಳಿದ್ಲು. ಹೊಟ್ಟಿ ಉರೀತು.”

“ಅಷ್ಟನ್ನ ಫೋನಲ್ಲೇ ಹೇಳಬಹುದಿತ್ತಲ್ಲ.”

“ಅಷ್ಟ ಆಗಿದ್ರ ಹೇಳತಿದ್ದೆ.”

ಅವಳು ಕಾದಳು. ಪಕ್ಕದ ಅಂಗಡಿಯ ಮುಂದೆ ಯಾರೋ ನಾಯಿಗೆ ನೀರು ಕುಡಿಸುತ್ತಿದ್ದರು.

“ನೀವು ಬರಲಾರದ ಶನಿವಾರ ಮನಿಯಾಗ ಕುಂದ್ರಾಕ ಆಗಲಿಲ್ರಿ. ಈಗ ಪುಸ್ತಕ ಮುಗೀತು. ಇನ್ನ ಹೂಸ್ಟನ್ನಿಗೆ ಬರಾಕ ನಿಮಗ ಕಾರಣ ಇಲ್ಲ. ಏನರ ಒಂದು ಕಾರಣ ಇರಲಿ ಅಂತ ಕೇಳಾಕ ಬಂದೆ.”

ಸಂಹಿತಾ ಎದುರಿನ ಗಾಜಿನ ಕಟ್ಟಡ ನೋಡುತ್ತಲೇ ಉತ್ತರಿಸಿದಳು. “ಮೊದಲನೇ ಸಲ ದೆವ್ವಕ್ಕೋಸ್ಕರ ಬಂದೆ. ಎರಡನೇ ಸಲ ಬರೋವಾಗ ನೋಟ್‌ಬುಕ್ ತರೋದೇ ಮರ್ತಿದ್ದೆ. ನೀವು ಗಮನಿಸ್ಲೇ ಇಲ್ಲ.”

“ಗಮನಿಸಿದ್ದೆ.”

“ಮತ್ತೆ ಹೇಳ್ಲಿಲ್ಲ?”

“ಹೇಳಿದ್ರ ಮುಂದಿನ ಸಲ ತರತಿದ್ರಿ.”

ಅವಳು ತಿರುಗಿ ನೋಡಿದಳು. ಈ ಸಲ ನೋಟ ಸರಿಸಿಕೊಳ್ಳುವ ಅವಸರ ಇಬ್ಬರಿಗೂ ಇರಲಿಲ್ಲ.

“ನಂಗೆ ನೀವು ಇಷ್ಟ, ಶ್ರೀಶೈಲ್. ಕಾರಣ ಅಷ್ಟೇ. ಸಾಕಾಗುತ್ತಾ?”

“ನೀ ಹಿಂಗ ಸೀದಾ ಹೇಳಿಬಿಟ್ರ, ಮೂರು ತಾಸು ಗಾಡ್ಯಾಗ ನಾ ಪಾಠ ಮಾಡಕೊಂಡು ಬಂದದ್ದೆಲ್ಲ ಏನ ಮಾಡ್ಲಿ?”

‘ನೀ’ ಅಂದದ್ದು ಅವನಿಗೆ ಆಡಿದ ಮೇಲೆ ತಿಳಿಯಿತು. ಕಿವಿಯ ತುದಿ ಕೆಂಪಾಯಿತು. ಅವಳು ತಿದ್ದಲಿಲ್ಲ. ನಡುವಿನ ಜಾಗ ದಾಟಿ ಅವನ ಪಕ್ಕಕ್ಕೆ ಸರಿದು, ಅವನ ಕೈಯನ್ನು ತನ್ನ ಕೈಯೊಳಗೆ ತೆಗೆದುಕೊಂಡಳು.

“ಅದನ್ನೂ ಹೇಳು. ಪೂರ್ತಿ.”

ಅವನು ಹೇಳಿದ. ಅದಕ್ಕೆ ಬಹಳ ಹೊತ್ತು ಹಿಡಿಯಿತು. ಒಂದೂವರೆಗೆ ಅವಳಿಗೊಂದು ಮೀಟಿಂಗ್ ಇತ್ತು, ಹೋಗಲಿಲ್ಲ. ನಾಲ್ಕು ವರ್ಷದ ನೌಕರಿಯಲ್ಲಿ ಹಾಗಾದದ್ದು ಅದೇ ಮೊದಲು.