ಆಲ್ಟಿಮೀಟರಿನ ಸೊನ್ನೆ

ಆ ಆಲ್ಟಿಮೀಟರ್ ಮೂರನೆಯ ಸಲ ರಿಪೇರಿಗೆ ಬಂದಾಗ ನನಗೆ ಅಳು ಬರುವಷ್ಟು ಕೋಪ ಬಂತು.

ನಮ್ಮದು ಗಡಿಯಾರ ರಿಪೇರಿ ಅಂಗಡಿ. ನನಗೆ ವಿಮಾನದ ಮೀಟರುಗಳ ಹುಚ್ಚು ಹಚ್ಚಿದವನು ಒಬ್ಬ ಲಿಫ್ಟ್ ಮೆಕ್ಯಾನಿಕ್. ಗುಜರಿಗೆ ಬಿದ್ದ ಹಳೆಯ ವಿಮಾನಗಳ ಕಾಕ್‌ಪಿಟ್ ಸಾಮಾನು ಕೂಡಿಹಾಕುತ್ತಾನೆ. ಅಪ್ಪ ಅವನಿಗಿಟ್ಟ ಹೆಸರು ಪೈಲಟ್. ಪುಣ್ಯಾತ್ಮ ವಿಮಾನ ಹತ್ತಿದವನೇ ಅಲ್ಲ. ಎತ್ತರ ತೋರಿಸುವ ಈ ಆಲ್ಟಿಮೀಟರನ್ನು ಲಿಫ್ಟಿನಲ್ಲಿಟ್ಟುಕೊಂಡು ಮೇಲೆ ಕೆಳಗೆ ಓಡಾಡಿ ಪರೀಕ್ಷೆ ಮಾಡುತ್ತಾನೆ.

"ಈಗೇನಾಗಿದೆ ಇದಕ್ಕೆ?"

"ಗೊತ್ತಿಲ್ಲ. ಒಂದ್ಸಲ ನೋಡ್ಬಿಡಿ."

ಅವನು ನೋಡುತ್ತಿದ್ದದ್ದು ಮೀಟರನ್ನಲ್ಲ, ಭೂತಗನ್ನಡಿ ಸಿಕ್ಕಿಸಿಕೊಂಡ ನನ್ನ ಕಣ್ಣನ್ನು. ನಾನು ತಲೆಯೆತ್ತಿದೊಡನೆ ಟೈಮ್ ನೋಡುವ ನಾಟಕ. ಅಂಗಡಿಯ ಗೋಡೆಯ ಮೇಲೆ ಇಪ್ಪತ್ತು ಗಡಿಯಾರ, ಇಪ್ಪತ್ತು ಟೈಮು.

ನಮ್ಮೂರು ಸಮುದ್ರಮಟ್ಟಕ್ಕಿಂತ ಎರಡು ಸಾವಿರ ಅಡಿ ಮೇಲಿದೆ. ಎರಡು ಸಲವೂ ಮುಳ್ಳನ್ನು ಅಲ್ಲಿಗೇ ಕೂರಿಸಿ ಕೊಟ್ಟಿದ್ದೆ. ವಾರ ಕಳೆದು ವಾಪಸ್ ಬಂದಾಗ ಮುಳ್ಳು ಸೊನ್ನೆಯ ಆಸುಪಾಸಿನಲ್ಲಿ! ಮುಳ್ಳು ತಿರುಗಿಸುವ ಗುಂಡಿ ಜಾರುತ್ತಿರಬೇಕು ಎಂದು ಬಿಗಿ ಮಾಡಿದ್ದೂ ಆಗಿತ್ತು.

"ಮೀಟರೇ ಸರಿಯಿಲ್ಲಪ್ಪಾ," ಎಂದೆ, ಅವನು ಹೋದ ಮೇಲೆ.

"ಕುಣಿಯಲಾರದವಳಿಗೆ ನೆಲ ಡೊಂಕು," ಅಂದರು ಅಪ್ಪ. "ಇನ್ನೊಂದ್ಸಲ ವಾಪಸ್ ಬಂದ್ರೆ ವಿಮಾನದ ಸಹವಾಸ ಸಾಕು. ಗೋಡೆ ಗಡಿಯಾರಕ್ಕೆ ಸೆಲ್ ಹಾಕ್ಕೊಂಡಿರು."

ಈ ಕೆಲಸ ನಿಂತರೆ ನನ್ನ ಕೈಯ ಮರ್ಯಾದೆ ಹೋಗುತ್ತದೆ. ಅವನು ಬರುವುದೂ ನಿಲ್ಲುತ್ತದೆ. ಎರಡರಲ್ಲಿ ಯಾವುದಕ್ಕೆ ಹೆಚ್ಚು ಹೆದರಿದೆ ಎಂದು ಯಾರೂ ಕೇಳಲಿಲ್ಲ, ಸದ್ಯ.

ಮತ್ತೆ ಬಿಚ್ಚಿ, ತೊಳೆದು, ಜೋಡಿಸಿ ಶನಿವಾರ ಕೊಟ್ಟೆ. ಮುಳ್ಳು ಈಗ ಎಲ್ಲಿ ಕೂತಿದೆ ನೋಡಿಯೇಬಿಡೋಣವೆಂದು ಭಾನುವಾರ ಬೆಳಿಗ್ಗೆ ಅವನ ಮನೆಗೇ ಹೊರಟೆ. ಆರನೆಯ ಮಹಡಿ. ಲಿಫ್ಟ್ ಕೆಟ್ಟಿತ್ತು. ದೀಪದ ಬುಡದಲ್ಲಿ ಕತ್ತಲೆ ಅನ್ನುವುದು ಇದಕ್ಕೇ. ಮೆಟ್ಟಿಲು ಹತ್ತಿ ಹೋದಾಗ ಅವನ ಅಮ್ಮ ಬಾಗಿಲು ತೆರೆದರು.

"ಬಾಮ್ಮಾ. ಮನೆ ತುಂಬಾ ಮುಳ್ಳು, ಒಂದಾದ್ರೂ ಟೈಮ್ ಹೇಳಿದ್ರೆ ಕೇಳು!"

ಒಳಕೋಣೆಯಲ್ಲಿ ಕಾಕ್‌ಪಿಟ್ಟಿನಂತೆ ಕಟ್ಟಿದ ಮರದ ಚೌಕಟ್ಟು, ಅಕ್ಕಪಕ್ಕ ಎರಡು ಸೀಟು, ಎದುರಿಗೆ ಸಾಲಾಗಿ ಮೀಟರುಗಳು. ನಡುವೆ ನನ್ನ ಆಲ್ಟಿಮೀಟರ್. ಮುಳ್ಳು ಅರವತ್ತು ಅಡಿಯಲ್ಲಿತ್ತು. ನನ್ನನ್ನು ಕಂಡು ಅವನ ಕೈಯಲ್ಲಿದ್ದ ಒರೆಸುವ ಬಟ್ಟೆ ಬಿತ್ತು.

"ಇದನ್ನ ಯಾರು ತಿರುಗಿಸಿದ್ದು?"

"ಅದು... ತಾನಾಗೇ..."

"ಸುಳ್ಳು ಹೇಳ್ಬೇಡಿ. ಅಪ್ಪ ನನ್ನ ಕೈಗೆ ಸೆಲ್ ಕೊಟ್ಟು ಕೂರಿಸೋಕೆ ಕಾಯ್ತಿದ್ದಾರೆ. ಆರನೇ ಮಹಡಿ, ಅರವತ್ತು ಅಡಿ. ಅಂದ್ರೆ ಸೊನ್ನೆ ಕೆಳಗೆಲ್ಲೋ ಇದೆ. ಎಲ್ಲಿ?"

ಅವನ ಕಿವಿ ಕೆಂಪಾಯಿತು. "ನಿಮ್ಮ ಮೇಜಿನ ಮೇಲೆ."

"ಏನು?"

"ವಾಪಸ್ ಕೊಡೋವಾಗ ನೀವು ಬಿಲ್ಲಿನ ಚೀಟಿ ಬರೀತೀರಲ್ಲ, ಆಗ ನಾನೇ ತಿರುಗಿಸ್ತೀನಿ. ಪೈಲಟ್‌ಗಳು ಹಾಗೆ ಮಾಡೋದುಂಟು. ವಾಪಸ್ ಬಂದು ಇಳೀಬೇಕಾದ ನೆಲಕ್ಕೆ ಸೊನ್ನೆ ಇಟ್ಟು ಹೊರಡ್ತಾರೆ. ಗಾಳಿ ಒತ್ತಡ ಬದಲಾದ್ರೆ ಸೊನ್ನೆ ತಪ್ಪುತ್ತೆ. ಆಗ ಮತ್ತೆ ಬರ್ತೀನಿ. ಬೇರೆ ನೆಪ ಹೊಳೀಲಿಲ್ಲ."

ಸಂತೋಷವೂ ಸಿಟ್ಟೂ ಒಟ್ಟಿಗೇ ಬಂದವು. ಸಿಟ್ಟೇ ಮೊದಲು ಹೊರಬಂತು. "ಮೂರು ಸಲ ನನ್ನ ಹೊಟ್ಟೆ ಉರಿಸೋ ಬದಲು ಬಾಯಿಬಿಟ್ಟು ಹೇಳ್ಬಹುದಿತ್ತಲ್ಲ!"

"ಬೈತೀರಿ ಅಂತ ಹೇಳ್ಲಿಲ್ಲ."

"ಈಗೇನು ಮುದ್ದು ಮಾಡ್ತಿದ್ದೀನಾ?"

ಅವನು ನಕ್ಕುಬಿಟ್ಟ. ಆಮೇಲೆ ಮೆಲ್ಲಗೆ, "ತಪ್ಪು ನನ್ನದು ಅಂತ ನಿಮ್ಮಪ್ಪನಿಗೆ ಇವತ್ತೇ ಹೇಳ್ತೀನಿ. ನೀವಂದ್ರೆ ಇಷ್ಟ ಅಂತಾನೂ. ನೀವು ಹೂಂ ಅಂದ್ರೆ," ಎಂದ.

ನಾನು ಬಲಗಡೆಯ ಸೀಟಿನಲ್ಲಿ ಕೂತೆ. ಗುಂಡಿ ಹಿಡಿದು ತಿರುಗಿಸಿದೆ. ಮುಳ್ಳು ಅರವತ್ತರಿಂದ ಇಳಿದು ಸೊನ್ನೆಗೆ ಬಂದು ನಿಂತಿತು. ಅವನ ಮುಖ ಸಪ್ಪಗಾಯಿತು.

"ಅಂದ್ರೆ... ಇನ್ನು ಅಂಗಡಿಗೆ ಬರಬಾರದಾ?"

"ಬರದೆ ಇನ್ನೇನು? ಅಪ್ಪನಿಗೆ ಹೇಳೋದಿದೆಯಲ್ಲ, ಬಾ." ‘ನೀವು’ ಹೋಗಿ ‘ನೀನು’ ಆಗಿದ್ದು ಇಬ್ಬರಿಗೂ ಗೊತ್ತಾಯಿತು. "ಈ ಸೊನ್ನೆ ನಂದು. ನಾನು ಬಂದು ಇಳೀಬೇಕಾದ ನೆಲಕ್ಕೆ ಇಟ್ಟಿದ್ದೀನಿ."

ಅವನು ಒಮ್ಮೆ ಮುಳ್ಳನ್ನು, ಒಮ್ಮೆ ನನ್ನನ್ನು ನೋಡಿದ.

"ಹಾಗೆ ನೋಡ್ತಾ ನಿಲ್ಬೇಡ," ಎಂದೆ. "ಮೊದಲು ಹೋಗಿ ಆ ಲಿಫ್ಟ್ ಸರಿ ಮಾಡು. ಮದುವೆ ಸೀರೆ ಉಟ್ಕೊಂಡು ಆರು ಮಹಡಿ ಹತ್ತೋದು ನನ್ನಿಂದಾಗಲ್ಲ."