ರೆಕ್ಕೆಯೊಳಗಿನ ಮೂರು ಗೆರೆ

ರೆಕ್ಕೆ ಮುರಿದ ಸದ್ದಿಗೆ ಹೊರಗೆ ಹುಲ್ಲುಗಾವಲಿನಲ್ಲಿದ್ದ ಕುರಿಗಳೂ ಚೆದುರಿದ್ದವಂತೆ. ತನಿಖೆಗೆಂದು ಎಂಜಿನಿಯರ್ ತ್ರಿವೇಣಿ ಮೇಡಂ ಜೊತೆ ಅವರ ಸಹಾಯಕ್ಕಿದ್ದ ನಾನು ದೊಡ್ಡಉಳ್ಳಾರ್ತಿಯ ವಿಮಾನ ಕಟ್ಟುವ ಶೆಡ್‌ಗೆ ಕಾಲಿಟ್ಟಾಗ, ಪುಟ್ಟ ವಿಮಾನದ ಹೊಸ ರೆಕ್ಕೆ ಬಾಯಿ ಬಿಟ್ಟುಕೊಂಡು ಬಿದ್ದಿತ್ತು. ಬಲ ಪರೀಕ್ಷಿಸಲು ಹೇರಿದ್ದ ಮರಳಿನ ಮೂಟೆಗಳು ಸುತ್ತ ಉರುಳಿದ್ದವು. ಅರ್ಧ ಭಾರಕ್ಕೇ ಮುರಿದಿತ್ತು!

ಮಾಲೀಕ ವಿಶ್ವನಾಥ್ ನಿಂತಲ್ಲಿ ನಿಲ್ಲುತ್ತಿರಲಿಲ್ಲ. ಹಣೆಯ ವಿಭೂತಿ ಬೆವರಿಗೆ ಕರಗಿ ಹುಬ್ಬಿಗಿಳಿದಿತ್ತು.

"ಪತ್ತೆ ಮಾಡೋಕೆ ಏನೈತ್ರಿ? ಅಂಟು ಹಚ್ಚಿದ್ದು ರಂಜಿತಾ. ನಾಳೆಯಿಂದ ಬರಬ್ಯಾಡ ಅಂತ ಎಲ್ರ ಮುಂದೆ ಹೇಳಿದೀನಿ."

ರಂಜಿತಾ ಮೊಳಕಾಲ್ಮೂರಿನ ಮಗ್ಗದ ಮನೆಯ ಹುಡುಗಿ. ಕೈಗವಸು ಹಿಂಡುತ್ತಾ ಮೂಲೆಯಲ್ಲಿ ನಿಂತಿದ್ದವಳು ಮೇಡಂ ಕಡೆ ತಿರುಗಿದಳು.

"ಈ ಕೆಲಸ ಹೋದ್ರೆ ಹೋಗ್ಲಿ ಅಕ್ಕಾ. ಅಂಟು ಹಚ್ಚೋಕೆ ಬರಲ್ಲ ಅಂತ ಹೆಸರು ಬಂದ್ರೆ ಇನ್ಯಾರು ನನಗೆ ವಿಮಾನ ಮುಟ್ಟೋಕೆ ಬಿಡ್ತಾರೆ?"

ವಿಚಾರಿಸದೆ ತೀರ್ಪು ಕೊಟ್ಟ ಮಾಲೀಕರ ಮೇಲೆ ನನಗೆ ಸಿಟ್ಟೇ ಬಂತು.

"ಅಂಟು ಕಲಸಿದ್ದು ಯಾರು?" ಮೇಡಂ ಕೇಳಿದರು.

"ನಾನೇ," ಎಂದ ಮೇಸ್ತ್ರಿ ಪಾಲಾಕ್ಷ. "ಅಳತೆ ಸರಿಯಾಗೇ ಐತ್ರಿ!"

ಮೇಡಂ ಟಾರ್ಚ್ ಹಿಡಿದು ಬಗ್ಗಿದರು. ರೆಕ್ಕೆಯ ಬೆನ್ನೆಲುಬಿನಂತಿದ್ದ ಬಿಳಿ ತೊಲೆಯ ಬುಡದಲ್ಲಿ ನುಣ್ಣಗಿನ ಮೂರು ಗೆರೆ.

"ಅಂಟು ಹರಡೋ ಬಾಚಣಿಗೆ ಗೆರೆ, ಬಿಡ್ರಿ," ಎಂದ ಪಾಲಾಕ್ಷ. ನನಗೂ ಹಾಗೇ ಅನ್ನಿಸಿತು. ನನಗೆ ಚಹಾ ಬೇಕಿತ್ತು. ಮೇಡಂಗೆ ಆ ಬಾಚಣಿಗೆಯೇ ಬೇಕಿತ್ತು.

ತರಿಸಿ ಗೆರೆಗಳ ಮೇಲಿಟ್ಟರು. ಹಲ್ಲು ತೀರಾ ಸಣ್ಣ—ಹೊಂದಲಿಲ್ಲ. ಬದಲಿಗೆ ತಮ್ಮ ಮೂರು ಬೆರಳಿಟ್ಟರು. ಸರಿಯಾಗಿ ಕೂತವು!

"ರಂಜಿತಾ, ಅಂಟಿಸೋಕೆ ಮುಂಚೆ ತೊಲೆ ಒರೆಸಿದ ಮೇಲೆ ಎಲ್ಲಿಗಾದ್ರೂ ಹೋಗಿದ್ಯಾ?"

"ಅಂಟು ತರೋಕೆ. ಬಂದು ಮೇಲಿನ ಹೊದಿಕೆಗೆ ಬಳಿದು ತೊಲೆ ಮೇಲೆ ಮುಚ್ಚಿದ್ವಿ."

"ಆಗ ಇಲ್ಲಿ ಯಾರಿದ್ರು?"

"ನಾನಿದ್ದೆ," ಎಂದರು ವಿಶ್ವನಾಥ್. "ನಮ್ಮ ಮೊದಲನೇ ರೆಕ್ಕೆ ಅಲ್ವಾ? ಕೈ ಮುಗಿದು ಬಂದೆ."

"ಬರೀ ಕೈ ಮುಗಿದ್ರಾ?"

ಅವರ ಕೈ ತಾನಾಗಿ ಹಣೆಗೆ ಹೋಯಿತು. ಶೆಡ್‌ನಲ್ಲಿ ಆಚೆ ಬದಿ ಕೆಲಸದವರ ಕಂಪ್ರೆಸರ್ ಗುಡುಗುತ್ತಿತ್ತು.

"ಅಂಟೇ ಕೆಟ್ಟಿದ್ರೆ ಎಲ್ಲಾ ಕಡೆ ಬಿಡಬೇಕಿತ್ತು, ಸರ್," ಎಂದರು ಮೇಡಂ. "ಬೇರೆ ಕಡೆ ತೊಲೆಯ ನಾರನ್ನೇ ಕಿತ್ಕೊಂಡು ಬಂದೈತೆ, ನೋಡಿ. ಬುಡದಲ್ಲಿ ಮಾತ್ರ ಹಿಡಿದಿಲ್ಲ. ಬೂದಿ ಮೇಲೆ ಅಂಟು ಕೂರಲ್ಲ. ಬಿಳಿ ತೊಲೆ ಮೇಲೆ ವಿಭೂತಿ—ಈ ಹುಡುಗಿ ಕಣ್ಣಿಗೆ ಹೇಗೆ ಬಿದ್ದೀತು? ಬಿರುಕು ಶುರುವಾಗಿದ್ದು ಅಲ್ಲಿಂದ. ರೆಕ್ಕೆ ಮುರಿದೋರು ನೀವು."

"ನಾಯಕನಹಟ್ಟಿ ವಿಭೂತಿ... ಒಳ್ಳೇದಾಗ್ಲಿ ಅಂತ ಹಚ್ಚಿದೆ..." ವಿಶ್ವನಾಥ್ ಮೂಟೆಯೊಂದರ ಮೇಲೆ ಕೂತರು. ರಂಜಿತಾಳಿಗೆ ತಗ್ಗಿದ ದನಿಯಲ್ಲಿ, "ನಾಳೆ ಬಾರಮ್ಮ," ಎಂದರು.

ರಂಜಿತಾ ಕದಲಲಿಲ್ಲ.

"ಬರಬ್ಯಾಡ ಅಂದಿದ್ದು ಎಲ್ರ ಮುಂದೆ, ಸರ್. ಇದನ್ನೂ ಎಲ್ರ ಮುಂದೆ ಹೇಳ್ರಿ."

ವಿಶ್ವನಾಥ್ ಎದ್ದರು. ಹೋಗಿ ಕಂಪ್ರೆಸರ್ ನಿಲ್ಲಿಸಿದರು. ಕೆಲಸದವರೆಲ್ಲ ತಿರುಗಿ ನೋಡಿದರು.

"ಎಲ್ರೂ ಇಲ್ಲಿ ಬರ್ರಪ್ಪಾ. ರೆಕ್ಕೆ ಕೆಡಿಸಿದ್ದು ಇವಳಲ್ಲ. ನಾನು."