ಎರಡಾಗಿ ಕೊಯ್ದ ಮೇಜು

ಮೂವತ್ತು ವರ್ಷದಿಂದ ಬಡಗಿ ಕೆಲಸ ಮಾಡುತ್ತಿದ್ದೇನೆ. ನನ್ನ ಕೆಲಸದಲ್ಲಿ ಯಾರೂ ಕೊಂಕು ತೆಗೆದಿರಲಿಲ್ಲ. ಈ ಅಣ್ಣತಮ್ಮಂದಿರ ಮೇಜಿನಿಂದ ಮಾತ್ರ ನನ್ನ ಮೇಲೆ ಗೂಬೆ ಕೂತಿದೆ.

ತಾಯಿ ಸತ್ತು ತಿಂಗಳಾಗಿರಲಿಲ್ಲ, ಇಬ್ಬರೂ ಅಡುಗೆಮನೆಯ ಮೇಜಿಗಾಗಿ ಕಿತ್ತಾಡಿ, ಸಮಪಾಲು ಮಾಡಿಸಲು ನನ್ನನ್ನು ಕರೆಸಿದರು.

"ನಡುವೆ ಪಾತ್ರೆ ಇಟ್ಟು ಇಬ್ಬರಿಗೂ ಬಡಿಸಿದ್ರಲ್ಲಪ್ಪಾ ನಿಮ್ಮಮ್ಮ. ನಾಚಿಕೆ ಆಗಲ್ವಾ?" ಎಂದೆ.

"ಕುಯ್ಯೋದಷ್ಟೇ ನಿನ್ನ ಕೆಲಸ," ಎಂದ ಅಣ್ಣ. ನನಗಿಂತ ಹದಿನೈದು ವರ್ಷ ಚಿಕ್ಕವನು!

ಕೊಯ್ದೆ. ನಡುಭಾಗಕ್ಕೆ ಬಂದಾಗ ಉದುರುತ್ತಿದ್ದ ಮರದ ಪುಡಿ ಹಬೆ ತಾಗಿದಂತೆ ಒದ್ದೆಯಾಗಿತ್ತು. ಎರಡೂ ತುಂಡಿಗೆ ಹೊಸ ಕಾಲು ಕೂರಿಸಿ, ಗೋಣಿ ಸುತ್ತಿ ಕಟ್ಟಿ ಕಳಿಸಿದೆ.

ವಾರ ಕಳೆದು ತಮ್ಮ ಬೈದು ಕರೆಸಿದ. "ಎಂಥಾ ಪಾಲಿಶ್ ಹಾಕಿದ್ದೀಯ? ನಾನು ಮನೇಲಿ ಒಲೆ ಹಚ್ಚೋದೇ ಇಲ್ಲ, ಆದ್ರೂ ಕಲೆ!"

ಕೊಯ್ದ ಅಂಚಿನಲ್ಲಿ, ಬಿಸಿ ಪಾತ್ರೆ ಇಳಿಸಿದಂತೆ ಬಿಳಿ ಕಲೆ, ಅರ್ಧ ವೃತ್ತ. ಮುಟ್ಟಿದೆ, ಬಿಸಿಯಿತ್ತು. ಉಜ್ಜಿ ತೆಗೆದೆ. ಚೀಲಕ್ಕೆ ಸಾಮಾನು ತುಂಬುವಷ್ಟರಲ್ಲಿ ಮತ್ತೆ ಮೂಡಿತು.

ಪಿತ್ತ ನೆತ್ತಿಗೇರಿ, ಇನ್ನೊಂದು ತುಂಡು ಹೇಗಿದೆ ನೋಡೇಬಿಡೋಣವೆಂದು ನೇರ ಅಣ್ಣನ ಮನೆಗೆ ನಡೆದೆ. ಅಷ್ಟು ಜಗಳವಾಡಿ ಪಡೆದ ಪಾಲನ್ನು ಅವನು ಶೆಡ್ಡಿನ ಮೂಲೆಗೆ ತಳ್ಳಿದ್ದ! ಗೋಣಿಯನ್ನೂ ಬಿಚ್ಚಿರಲಿಲ್ಲ. ನಾನು ಹಾಕಿದ ಗಂಟು ಹಾಗೇ ಇತ್ತು.

ಬಿಚ್ಚಿದೆ. ಕೊಯ್ದ ಅಂಚಿನಲ್ಲಿ ಉಳಿದರ್ಧ ವೃತ್ತ ಇತ್ತು. ಅಂಗೈ ಇಟ್ಟು ನೋಡಿದೆ.

ಅದೂ ಬಿಸಿಯಿತ್ತು.